ಬೋರ್ಡ್ ಇಳಿಸಿದ ಮೇಲೆ ಬಂದವರು: ಪೌರಕಾರ್ಮಿಕರ ಕಾಲೋನಿಯ ಒಬ್ಬ ಕೌನ್ಸೆಲರ್ ಪ್ರಕರಣ

ಇದು ಬೆಂಗಳೂರಿನ ಒಬ್ಬ ಕೌನ್ಸೆಲರ್ ಕೆಲಸದ ಪ್ರಕರಣ. ಅವರು ಹುಟ್ಟಿ ಬೆಳೆದದ್ದು ಪೌರಕಾರ್ಮಿಕರ ಕಾಲೋನಿಯಲ್ಲಿ. ಓದಿ ಒಂದು ದೊಡ್ಡ ಕ್ಲಿನಿಕ್ ಸೇರಿದರು, ಅದನ್ನು ಬಿಟ್ಟು ಅದೇ ಕಾಲೋನಿಗೆ ವಾಪಸ್ ಬಂದು ಕೂತರು. ಇಷ್ಟು ಹೇಳಿದರೆ ಸಾಕು, ಕೇಳಿದವರು "ಎಂಥ ಸ್ಫೂರ್ತಿ ಅಲ್ವಾ" ಅಂತಾರೆ. ನಾನು ಬರೆಯುತ್ತಿರೋದು ಅದಕ್ಕಲ್ಲ. ವಾಪಸ್ ಬಂದ ಮೇಲೆ ಬಹಳ ಕಾಲ ಅವರ ಕೋಣೆಗೆ ಯಾರೂ ಬರಲಿಲ್ಲ. ಆಮೇಲೆ ಬಂದರು. ಬಂದ ಮೇಲೆ ಒಂದು ದೊಡ್ಡ ಎಡವಟ್ಟೂ ಆಯಿತು. ಆ ಒಂದೊಂದು ಘಟ್ಟದಲ್ಲೂ ಅವರು ಏನು ತೀರ್ಮಾನ ಮಾಡಿದರು, ಯಾಕೆ ಮಾಡಿದರು ಅನ್ನೋದು ಈ ಕೆಲಸದಲ್ಲಿರುವ ಬೇರೆಯವರಿಗೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಾನು ಅವರ ಜೊತೆ ಕೇಸ್ ಚರ್ಚೆಗೆ ಕೂರುವ ಹೊರಗಿನ ಸೂಪರ್‌ವೈಸರ್. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ, ಬರೆದ ಮೇಲೆ ಓದಿಯೂ ನೋಡಿದ್ದಾರೆ. ಅವರ ಹೆಸರು, ಕಾಲೋನಿ, ಕ್ಲಿನಿಕ್ ಯಾವುದನ್ನೂ ಹೇಳುವುದಿಲ್ಲ. ಅವರ ಹತ್ತಿರ ಬಂದ ಹೆಂಗಸರ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಕಾಲೋನಿಯ ಚಿಕ್ಕವರೆಲ್ಲ ಅವರನ್ನು ಅಕ್ಕ ಅಂತಾರೆ, ಇಲ್ಲೂ ಅದೇ ಇರಲಿ.

ಅಕ್ಕ ಬಂದ ದಾರಿ

ಅಕ್ಕನ ಅಮ್ಮ ರಸ್ತೆ ಗುಡಿಸುವ ಕೆಲಸದವರು. ಮಾದಿಗ ಸಮುದಾಯ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಈ ನಗರದ ಪೌರಕಾರ್ಮಿಕರಲ್ಲಿ ಹೆಚ್ಚಿನವರು ಹೆಂಗಸರು, ಅದರಲ್ಲೂ ಪರಿಶಿಷ್ಟ ಜಾತಿಯವರೇ ಜಾಸ್ತಿ. ಅಕ್ಕ ಚಿಕ್ಕವರಿದ್ದಾಗ ಎಲ್ಲವೂ ಗುತ್ತಿಗೆದಾರನ ಕೈಲಿತ್ತು, ಸಂಬಳ ಈ ತಿಂಗಳು ಬರುತ್ತೋ ಮುಂದಿನ ತಿಂಗಳೋ ಯಾರಿಗೂ ಗೊತ್ತಿರುತ್ತಿರಲಿಲ್ಲ. 2017ರಲ್ಲಿ ಸರ್ಕಾರ ಗುತ್ತಿಗೆ ತೆಗೆದು ಪಾಲಿಕೆಯಿಂದಲೇ ನೇರ ವೇತನ ಅಂದಾಗ ಅಕ್ಕನ ಓದು ಮುಗಿದಿತ್ತು. ಆ ಓದು ಸಾಗಿದ್ದು ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ನಿಂದ, ಸ್ಕಾಲರ್‌ಶಿಪ್‌ನಿಂದ, ಅಮ್ಮ ಎತ್ತಿದ ಚೀಟಿಯಿಂದ, ಮತ್ತೆ ಮತ್ತೆ ಗಿರವಿ ಅಂಗಡಿಗೆ ಹೋಗಿಬಂದ ಚಿಕ್ಕಮ್ಮನ ಓಲೆಯಿಂದ. ಈ ಓಲೆಯ ಮಾತು ಮುಂದೆ ಬರುತ್ತೆ.

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿ, ಕೌನ್ಸೆಲಿಂಗ್ ತರಬೇತಿ ಪಡೆದು ಖಾಸಗಿ ಕ್ಲಿನಿಕ್ ಸೇರಿದರು. ಅಲ್ಲಿ ಒಂದು ಗಂಟೆಯ ಫೀಸು ಅಂದರೆ ಅಮ್ಮನ ಮೂರು ನಾಲ್ಕು ದಿನದ ಸಂಬಳ. ಕೆಲಸ ಚೆನ್ನಾಗೇ ಮಾಡಿದರು. ಆದರೆ ಊಟದ ಹೊತ್ತಲ್ಲಿ "ನಿಮ್ಮ ಕಡೆ ಯಾವೂರು" ಅಂತ ಕೇಳಿದರೆ ಪ್ರತಿ ಸಲ ಬೇರೆ ಬೇರೆ ಉತ್ತರ ಕೊಡುತ್ತಿದ್ದರು. ಕೇಸ್ ಚರ್ಚೆಯಲ್ಲಿ ಒಬ್ಬ ಹುಡುಗನ ಕಾಲೇಜಿನ ಕಷ್ಟಕ್ಕೂ ಅವನ ಜಾತಿಗೂ ಸಂಬಂಧ ಇದೆ ಅಂದಾಗ, ಹಿರಿಯರೊಬ್ಬರು "ಅದು ಸಾಮಾಜಿಕ ವಿಷಯ, ಥೆರಪಿ ವಿಷಯ ಅಲ್ಲ" ಅಂತ ಮುಗಿಸಿಬಿಟ್ಟರು.

ತಮಗೇ ನಿದ್ದೆ ಕೆಟ್ಟಾಗ ಅಕ್ಕ ಇನ್ನೊಬ್ಬ ಥೆರಪಿಸ್ಟ್ ಹತ್ತಿರ ಹೋದರು. ಒಳ್ಳೆಯವರೇ. ಮನೆಗೆ ಇಷ್ಟು ದುಡ್ಡು ಕೊಡುತ್ತಾ ಹೋದರೆ ನಿಮಗೇನು ಉಳಿಯುತ್ತೆ, ಒಂದು ಗೆರೆ ಎಳೆದುಕೊಳ್ಳಿ ಅಂದರು. ಅಕ್ಕ ತಲೆ ಆಡಿಸಿ ಬಂದರು. ಚಿಕ್ಕಮ್ಮನ ಓಲೆಯಲ್ಲಿ ಓದಿದವಳು ಯಾರ ಮುಂದೆ ಗೆರೆ ಎಳೆಯಬೇಕು? ಆ ಸಲಹೆ ತಪ್ಪು ಅಂತ ನಾನು ಹೇಳುವುದಿಲ್ಲ. ಗಂಡ, ಹೆಂಡತಿ, ಮಗು ಅಷ್ಟೇ ಇರುವ, ಸಂಬಳದ ಮೇಲೆ ಯಾರ ಋಣವೂ ಇಲ್ಲದ ಮನೆಯನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ ಸಲಹೆ ಅದು.

ಕ್ಲಿನಿಕ್ ಬಿಡುವ ತೀರ್ಮಾನ ಆದದ್ದು ಲಾಕ್‌ಡೌನ್ ಕಾಲದಲ್ಲಿ. 2020ರಲ್ಲಿ ಸೆಷನ್ ಎಲ್ಲ ವಿಡಿಯೋ ಕಾಲ್‌ಗೆ ಬಂತು. ಮನೆಯಲ್ಲಿ ಇರೋದು ಒಂದು ಕೋಣೆ, ಹಾಗಾಗಿ ಅಕ್ಕ ಮಹಡಿ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಮಾತಾಡುತ್ತಿದ್ದರು. ಮನೆಯಲ್ಲೇ ಕೂತು ಉಸಿರು ಕಟ್ಟುತ್ತಿದೆ ಅನ್ನುವವರಿಗೆ ಸಮಾಧಾನ ಹೇಳುತ್ತಿದ್ದಾಗ, ಕೆಳಗೆ ಅಮ್ಮ ಎರಡು ದಿನದ ಹಳೇ ಮಾಸ್ಕ್ ತೊಳೆದು ಒಣಗಿಸಿ ಮತ್ತೆ ಕೆಲಸಕ್ಕೆ ಹೊರಡುತ್ತಿದ್ದರು, ಯಾಕೆಂದರೆ ಕಸ ಎತ್ತೋದಕ್ಕೆ ಲಾಕ್‌ಡೌನ್ ಇರಲಿಲ್ಲ. 2021ರ ಎರಡನೇ ಅಲೆಯಲ್ಲಿ ಕಾಲೋನಿಯಲ್ಲಿ ಸಾವುಗಳಾದವು. ಯಾರೂ ಅಳೋದಕ್ಕೂ ರಜೆ ಹಾಕಲಿಲ್ಲ. ಆ ವರ್ಷದ ಕೊನೆಗೆ ಅಕ್ಕ ರಾಜೀನಾಮೆ ಕೊಟ್ಟರು. ಅಮ್ಮನಿಗೆ ಸಿಟ್ಟು ಬಂತು. "ಇಲ್ಲಿಂದ ಆಚೆ ಹೋಗ್ಲಿ ಅಂತಲೇ ಓದಿಸಿದ್ದು" ಅಂದರು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಯಾರೂ ಬಾರದ ಕೋಣೆ

ಅಂಬೇಡ್ಕರ್ ಭವನದ ಪಕ್ಕದ ಒಂದು ಕೋಣೆಯನ್ನು ಕಾರ್ಮಿಕರ ಸಂಘದವರು ಬಿಟ್ಟುಕೊಟ್ಟರು. ಎರಡು ಕುರ್ಚಿ, ಒಂದು ಪರದೆ, ಹೊರಗೆ 'ಉಚಿತ ಮಾನಸಿಕ ಆರೋಗ್ಯ ಸಲಹಾ ಕೇಂದ್ರ' ಅಂತ ಬೋರ್ಡ್. ಬೆಳಗ್ಗೆ ಹತ್ತರಿಂದ ಒಂದು ಗಂಟೆ ತನಕ.

ತಿಂಗಳುಗಟ್ಟಲೆ ನೊಣ ಹೊಡೆದರು.

ಪೌರಕಾರ್ಮಿಕರಿಗೆ ಬೆಳಗ್ಗೆ ಆರೂವರೆಗೆ ಮಸ್ಟರಿಂಗ್, ಅಂದರೆ ಹಾಜರಿ, ಮಧ್ಯಾಹ್ನ ಎರಡೂವರೆ ತನಕ ಕೆಲಸ. ಹತ್ತು ಗಂಟೆಗೆ ಕಾಲೋನಿಯಲ್ಲಿ ಇರೋದು ಮಕ್ಕಳು ಮತ್ತು ಮುದುಕರು. ಸಮಯ ಬದಲಿಸಿದರೂ ಬರಲಿಲ್ಲ, ಕಾರಣ ಬೋರ್ಡು. ಆ ಬಾಗಿಲು ದಾಟಿದವರನ್ನು ಸಂಜೆ ನಲ್ಲಿ ಹತ್ತಿರ "ಏನೇ, ತಲೆ ಕೆಟ್ಟಿದೆಯಾ" ಅಂತ ಕೇಳುತ್ತಾರೆ. ಮೂರನೆಯ ಕಾರಣ ಅಕ್ಕ ನಿರೀಕ್ಷೆ ಮಾಡಿರಲಿಲ್ಲ: ಬರದೇ ಇದ್ದದ್ದು ಅಕ್ಕ ತಮ್ಮವರು ಅನ್ನೋ ಕಾರಣಕ್ಕೇ. ಒಬ್ಬ ದೊಡ್ಡಮ್ಮ ನೇರವಾಗಿ ಹೇಳಿದರಂತೆ: "ನೀನು ನಮ್ಮ ಕಣ್ಮುಂದೆ ಬೆಳೆದ ಹುಡುಗಿ ಕಣಮ್ಮಾ. ನನ್ನ ಸೊಸೆ ಬಂದು ನಿನ್ನ ಹತ್ರ ಏನಂದಳು ಅಂತ ನಾನು ಕೇಳಿದ್ರೆ ಇಲ್ಲ ಅಂತೀಯಾ?"

ಬಡವರಿಗೆ ಮಾನಸಿಕ ಚಿಕಿತ್ಸೆ ದೂರ ಅಂತ ಮಾತಾಡುವಾಗ ನಾವು ಹಳ್ಳಿಗಳನ್ನು ನೆನಪಿಸಿಕೊಳ್ಳುತ್ತೇವೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ತೊಂದರೆ ಇದ್ದವರಲ್ಲಿ ಶೇಕಡಾ 70ರಿಂದ 92ರಷ್ಟು ಜನ ಚಿಕಿತ್ಸೆ ಪಡೆಯುತ್ತಿರಲಿಲ್ಲ, ಕಾಯಿಲೆ ಯಾವುದು ಅನ್ನೋದರ ಮೇಲೆ ಅಂಕಿ ಬದಲಾಗುತ್ತೆ. ಆ ಸಮೀಕ್ಷೆ ನಡೆಸಿದ ನಿಮ್ಹಾನ್ಸ್ ಇರೋದು ಇದೇ ಊರಿನ ಹೊಸೂರು ರಸ್ತೆಯಲ್ಲಿ. ಕಾಲೋನಿಯಿಂದ ಬಸ್ಸಿನ ದಾರಿ. ಆದರೆ ಓಪಿಡಿಯ ಬೆಳಗಿನ ಸಾಲು ಮತ್ತು ಪೊರಕೆ ಹಿಡಿಯುವ ಹೊತ್ತು ಎರಡೂ ಒಂದೇ. ಸಾಲಲ್ಲಿ ನಿಂತರೆ ಹಾಜರಾತಿ ಹೋಯಿತು.

ಬಂದ ಕೆಲವರಿಗೆ ಅಕ್ಕ ಪಿಎಚ್‌ಕ್ಯೂ-9 ಕೇಳಿ ನೋಡಿದರು. ಖಿನ್ನತೆ ಎಷ್ಟಿದೆ ಅಂತ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಅದು. ಕಳೆದ ಎರಡು ವಾರದಲ್ಲಿ ನಿದ್ದೆ ಕೆಟ್ಟಿತ್ತಾ, ಸುಸ್ತಾಗಿತ್ತಾ, ಊಟ ಸೇರಿತಾ, ಹೀಗೆ. ನಾಲ್ಕು ಗಂಟೆಗೆ ಎದ್ದು ನೀರು ಹಿಡಿದು, ಅಡುಗೆ ಮಾಡಿಟ್ಟು, ಕಿಲೋಮೀಟರ್‌ಗಟ್ಟಲೆ ಗುಡಿಸುವ ಹೆಂಗಸನ್ನು "ಸುಸ್ತಾಗುತ್ತಾ" ಅಂತ ಕೇಳಿದರೆ ಏನು ಹೇಳಬೇಕು? ನಕ್ಕರು. ಎಲ್ಲರ ಅಂಕವೂ ಜಾಸ್ತಿ ಬಂತು, ಅದರಲ್ಲಿ ಕಾಯಿಲೆ ಎಷ್ಟು, ಕೆಲಸ ಎಷ್ಟು ಅಂತ ಬೇರೆ ಮಾಡೋದು ಆಗಲಿಲ್ಲ. ಅಕ್ಕ ಪಟ್ಟಿಯನ್ನು ಪಕ್ಕಕ್ಕಿಟ್ಟರು. ಆದರೆ ಒಂಬತ್ತನೆಯ ಪ್ರಶ್ನೆ, ಬದುಕೋದೇ ಬೇಡ ಅನ್ನಿಸಿತ್ತಾ ಅನ್ನೋದನ್ನು, ಬಿಡಲಿಲ್ಲ. ಅದನ್ನು ಪ್ರತಿಯೊಬ್ಬರಿಗೂ ಬಾಯಲ್ಲೇ, ನೇರವಾಗಿ ಕೇಳುತ್ತಾರೆ. ನನ್ನ ಪ್ರಕಾರ ಇದು ಸರಿಯಾದ ತೀರ್ಮಾನ. ಅಳತೆಗೋಲು ಬಿಟ್ಟವರು ಎಷ್ಟೋ ಸಲ ಈ ಪ್ರಶ್ನೆಯನ್ನೂ ಜೊತೆಗೆ ಬಿಟ್ಟುಬಿಡುತ್ತಾರೆ.

ಅರ್ಜಿ ತುಂಬುವ ಮೇಜು

2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಕಾಯಂ ಮಾಡಿ ಅಂತ ಮುಷ್ಕರಕ್ಕೆ ಕೂತರು, ಫ್ರೀಡಂ ಪಾರ್ಕ್ ತುಂಬಿತ್ತು. ಸರ್ಕಾರ ಒಪ್ಪಿತು. ಒಪ್ಪಿದ ಮರುದಿನದಿಂದ ಕಾಲೋನಿಯಲ್ಲಿ ಕಾಗದದ ಓಡಾಟ. ಆಧಾರ್‌ನಲ್ಲಿ ಒಂದು ವಯಸ್ಸು, ಪಿಎಫ್‌ನಲ್ಲಿ ಇನ್ನೊಂದು ವಯಸ್ಸು, ಹೆಸರಿನ ಕೊನೆಯಲ್ಲಿ ಎಲ್ಲೋ 'ಅಮ್ಮ' ಇದೆ ಎಲ್ಲೋ ಇಲ್ಲ. ಓದು ಬರುವವರು ಅಂತ ಎಲ್ಲರೂ ಅಕ್ಕನ ಕೋಣೆಗೆ ಬಂದರು. ಮಾನಸಿಕ ಆರೋಗ್ಯಕ್ಕಲ್ಲ, ಅರ್ಜಿ ತುಂಬಿಸೋದಕ್ಕೆ.

ಮೊದಲು ಅಕ್ಕನಿಗೆ ಬೇಜಾರಾಯಿತು. ಎರಡು ವರ್ಷ ಕೌನ್ಸೆಲಿಂಗ್ ಕಲಿತದ್ದು ಆಧಾರ್ ತಿದ್ದೋದಕ್ಕಾ? ಆದರೆ ಒಬ್ಬರು, ಐವತ್ತರ ಆಸುಪಾಸಿನವರು, ಹುಟ್ಟಿದ ದಿನಾಂಕ ಕೇಳಿದ ಕೂಡಲೇ ಮಾತು ಶುರು ಮಾಡಿದರು. ಯಾವ ಬರಗಾಲದಲ್ಲಿ ಹುಟ್ಟಿದೆ, ಊರು ಬಿಟ್ಟು ಯಾಕೆ ಬಂದೆವು, ಮದುವೆ ಯಾವ ವಯಸ್ಸಿಗೆ ಆಯಿತು, ಸತ್ತ ಮಗು ಇದ್ದಿದ್ದರೆ ಈಗ ಎಷ್ಟು ವಯಸ್ಸು. ಅರ್ಜಿ ಅರ್ಧಕ್ಕೇ ನಿಂತಿತು. ಕತ್ತಲಾಗುವ ತನಕ ಮಾತಾಡಿ, ಸೆರಗಲ್ಲಿ ಮುಖ ಒರೆಸಿಕೊಂಡು, "ಅರ್ಜಿಗೆ ನಾಳೆ ಬರ್ತೀನಿ" ಅಂತ ಎದ್ದು ಹೋದರು. ಮರುದಿನ ಬಂದರು. ಅರ್ಜಿ ಮುಗಿದ ಮೇಲೂ ಬರುತ್ತಿದ್ದರು.

ಇಲ್ಲಿ ಅಕ್ಕ ಈ ಪ್ರಕರಣದ ಮುಖ್ಯ ತೀರ್ಮಾನ ಮಾಡಿದರು. ಬೋರ್ಡ್ ಇಳಿಸಿ ಒಳಗಿಟ್ಟರು, ಮೇಜು ತಂದು ಹಾಕಿದರು. ಮೂರು ಗಂಟೆಯ ಮೇಲೆ ಅರ್ಜಿ ಕೆಲಸ, ಟೀ. ಬಂದವರು ತಂದ ಕಷ್ಟವನ್ನೇ, ಅವರು ತಂದ ಕ್ರಮದಲ್ಲೇ ಹಿಡಿಯೋದು. ನಾವು ಕಲಿಯೋದು ಇದಕ್ಕೆ ಉಲ್ಟಾ: ಅಂಥ ಕೆಲಸ ಇದ್ದರೆ ಬೇರೆ ಕಡೆ ಕಳಿಸಿ, ನೀವು ಮನಸ್ಸನ್ನು ಮಾತ್ರ ನೋಡಿ ಅಂತ ಹೇಳಿಕೊಡುತ್ತಾರೆ.

ಒಂದು ಉದಾಹರಣೆ. ಕೆಲವು ಹೆಂಗಸರಿಗೆ ಎದೆ ಡವಡವ, ಕೈ ನಡುಕ, ಉಸಿರು ಸಿಗಲ್ಲ. ಪ್ಯಾನಿಕ್ ಅಂತ ಬರೆದು ಉಸಿರಾಟದ ಅಭ್ಯಾಸ ಹೇಳಿಕೊಡಬಹುದಿತ್ತು. ಅಕ್ಕ ಯಾವ ದಿನ ಆಗುತ್ತೆ ಅಂತ ಕೇಳಿದರು. ಎಲ್ಲರೂ ಹೇಳಿದ್ದು ವಾರದ ಒಂದೇ ದಿನ. ಅದು ಮೈಕ್ರೋಫೈನಾನ್ಸ್ ಕಂತು ಕಟ್ಟುವ ದಿನ. ಆಗ ಯಾರಿಗೆ ಎಷ್ಟು ಸಾಲ, ಬಡ್ಡಿ ಎಷ್ಟು, ಯಾವುದನ್ನು ಮೊದಲು ತೀರಿಸಬೇಕು ಅಂತ ಕೂತು ಬರೆದರು. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟರು, ಸುಳ್ಳು ಹೇಳಬಾರದು, ಅದೂ ಉಪಯೋಗಕ್ಕೆ ಬಂತು. ಆದರೆ ಸಾಲದ ಲೆಕ್ಕ ಆದ ಮೇಲೆ. 2025ರ ಫೆಬ್ರವರಿಯಲ್ಲಿ ಬಲವಂತದ ಸಾಲ ವಸೂಲಿ ತಡೆಯೋದಕ್ಕೆ ರಾಜ್ಯ ಸುಗ್ರೀವಾಜ್ಞೆ ತಂದಾಗ ಅದರ ಕನ್ನಡ ಸಾರಾಂಶವನ್ನು ಜೆರಾಕ್ಸ್ ಮಾಡಿಸಿ ಹಂಚಿದ್ದೂ ಈ ಮೇಜಿನಿಂದಲೇ.

ಸಾಕ್ಷಿ ಏನಿದೆ ಅನ್ನೋ ಪ್ರಶ್ನೆ

ಮೇಜಿನ ಸುತ್ತ ನಿಧಾನಕ್ಕೆ ಒಂದು ಗುಂಪು ಆಯಿತು. ವಾರಕ್ಕೊಂದು ಮಧ್ಯಾಹ್ನ, ಚಾಪೆ ಮೇಲೆ. ಇಲ್ಲಿ ಬಂದ ಒಂದು ಮಾತು ನಮ್ಮ ತರಬೇತಿಗಳಲ್ಲಿ ಚರ್ಚೆ ಆಗಲೇಬೇಕಾದದ್ದು.

ಕಾಗ್ನಿಟಿವ್ ಥೆರಪಿಯಲ್ಲಿ ಒಂದು ವಿಧಾನ ಇದೆ. ಮನಸ್ಸಿಗೆ ಬರುವ ಕೆಟ್ಟ ಆಲೋಚನೆಯನ್ನು ಹಿಡಿದು, ಇದಕ್ಕೆ ಸಾಕ್ಷಿ ಏನಿದೆ, ಬೇರೆ ರೀತಿಯಲ್ಲಿ ನೋಡಬಹುದಾ ಅಂತ ಕೇಳೋದು. "ಎಲ್ಲರೂ ನನ್ನನ್ನು ಕೀಳಾಗಿ ನೋಡ್ತಾರೆ" ಅಂತ ಕ್ಲಿನಿಕ್‌ನಲ್ಲಿ ಯಾರಾದರೂ ಹೇಳಿದರೆ ಈ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತೆ. ಗುಂಪಿನಲ್ಲಿ ಒಬ್ಬರು ಅದೇ ಮಾತು ಹೇಳಿದರು. ಸಾಕ್ಷಿಗೆ ಬರವೇ ಇರಲಿಲ್ಲ. ದಿನಾ ಗುಡಿಸುವ ಬೀದಿಯಲ್ಲಿ ನೀರು ಕೇಳಿದರೆ ಗೇಟಿನಾಚೆ ನಿಲ್ಲಿಸಿ ಮೇಲಿಂದ ಸುರಿಯುತ್ತಾರೆ. ಒಂದು ಮನೆಯಲ್ಲಿ ಬೇರೆ ಪ್ಲಾಸ್ಟಿಕ್ ಲೋಟ ಇದೆ, ಅದು ಚಪ್ಪಲಿ ಸ್ಟ್ಯಾಂಡ್ ಪಕ್ಕ ಇರುತ್ತೆ. ಸುತ್ತ ಕೂತವರೆಲ್ಲ ತಮ್ಮ ತಮ್ಮ ಬೀದಿಯ ಲೋಟದ ಕಥೆ ತೆಗೆದರು. ಇದನ್ನು 'ತಪ್ಪು ಆಲೋಚನೆ' ಅಂತ ಯಾವ ಬಾಯಲ್ಲಿ ಹೇಳೋದು?

ಅಕ್ಕ ಆ ದಿನ ಮಾತನ್ನು ಎರಡು ತುಂಡು ಮಾಡಿದರು. "ಅವರು ಕೀಳಾಗಿ ನೋಡ್ತಾರೆ. ನಿಜ. ಅದಕ್ಕೆ ನಾವೆಲ್ಲ ಸಾಕ್ಷಿ ಇದ್ದೀವಿ. ಅದರಿಂದ ನಾನು ಕೀಳು ಅಂತ ಯಾರು ಸೇರಿಸಿದ್ದು?" ಮೊದಲ ತುಂಡನ್ನು ಮುಟ್ಟಲಿಲ್ಲ, ಎರಡನೆಯದನ್ನು ಮಾತ್ರ ಪ್ರಶ್ನೆ ಮಾಡಿದರು. ಕ್ಲಿನಿಕ್‌ನಲ್ಲಿ ಹಿರಿಯರು "ಸಾಮಾಜಿಕ ವಿಷಯ" ಅಂತ ಆಚೆ ಇಟ್ಟದ್ದು ಇಲ್ಲಿ ಚಿಕಿತ್ಸೆಯ ನಡುಮಧ್ಯ ಬಂದು ಕೂತಿತ್ತು. ಆ ಹೆಂಗಸು ತಕ್ಷಣ ಏನೂ ಹೇಳಲಿಲ್ಲ. ಎಷ್ಟೋ ವಾರದ ಮೇಲೆ, ತಾವು ಇನ್ನು ಮನೆಯಿಂದಲೇ ಬಾಟಲಿ ಒಯ್ಯುವುದಾಗಿಯೂ ಆ ಮನೆಯವರು ಕರೆದು ಕೊಟ್ಟರೂ ಬೇಡ ಅಂದದ್ದಾಗಿಯೂ ಹೇಳಿದರು. ಬೇಡ ಅಂದದ್ದನ್ನು ಹೇಳುವಾಗ ಅವರ ದನಿಯಲ್ಲಿದ್ದ ಖುಷಿಯನ್ನು ಯಾವ ಅಂಕಪಟ್ಟಿಯಲ್ಲಿ ಬರೆಯೋದು ಅಂತ ಅಕ್ಕ ನನ್ನನ್ನು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾತು ಸೋರಿದ್ದು

ಆಮೇಲೆ ಎಡವಟ್ಟು. ಮೇಸ್ತ್ರಿ ಹಾಜರಾತಿಗೆ ದುಡ್ಡು ಕೇಳುತ್ತಾನೆ ಅಂತ ಗುಂಪಿನಲ್ಲಿ ಒಬ್ಬರು ಹೇಳಿದರು. ಆ ಮಾತು ವಾರದೊಳಗೆ ಮೇಸ್ತ್ರಿಗೆ ತಲುಪಿತು. ಹೇಳಿದವರನ್ನು ದೂರದ ರೂಟಿಗೆ ಹಾಕಿದರು, ಎರಡು ಬಸ್ ಬದಲಿಸಿ ಹೋಗಬೇಕು. ಮಾತು ಮುಟ್ಟಿಸಿದ್ದು ಯಾರು ಅಂತ ಹುಡುಕೋದೇ ದಂಡ. ಗುಂಪಿನಲ್ಲಿ ಮೇಸ್ತ್ರಿಯ ಸಂಬಂಧಿಕರೂ ಇದ್ದರು, ಕಾಲೋನಿಯಲ್ಲಿ ಎಲ್ಲರೂ ಯಾರಿಗೋ ಸಂಬಂಧಿಕರೇ. ಚಾಪೆ ಖಾಲಿಯಾಯಿತು.

ಅಕ್ಕನಿಗೆ ನೇರ ಹೋಗಿ ಮೇಸ್ತ್ರಿಯನ್ನು ಕೇಳಬೇಕು ಅಂತ ರಕ್ತ ಕುದಿಯುತ್ತಿತ್ತು. ಕೇಸ್ ಚರ್ಚೆಯಲ್ಲಿ ನಾನು ಕೇಳಿದ್ದು ಒಂದೇ: ನೀವು ಹೋದರೆ ನಾಳೆ ಯಾರಿಗೆ ಪೆಟ್ಟು ಬೀಳುತ್ತೆ? ಅಕ್ಕ ಆ ಹೆಂಗಸಿನ ಮನೆಗೆ ಹೋಗಿ, ಏನು ಮಾಡಬೇಕು ಅಂತ ಅವರನ್ನೇ ಕೇಳಿದರು. ಅವರು ಅಕ್ಕನನ್ನು ಹೋಗಬೇಡ ಅಂದರು, ಸಂಘದವರು ಹೋಗಲಿ ಅಂದರು. ಸಂಘದವರು ಹೋದರು. ರೂಟು ತಡವಾಗಿ ವಾಪಸ್ ಸಿಕ್ಕಿತು. ಆ ಹೆಂಗಸು ಕೆಲಸಕ್ಕೆ ಹಳೇ ಬೀದಿಗೆ ಬಂದರು, ಗುಂಪಿಗೆ ಮಾತ್ರ ಮತ್ತೆ ಬರಲಿಲ್ಲ.

ಗುಂಪು ಮತ್ತೆ ಕೂಡಿದಾಗ ನಿಯಮಗಳನ್ನು ಹೆಂಗಸರೇ ಮಾಡಿದರು. 'ಇಲ್ಲಿ ಹೇಳಿದ್ದು ಇಲ್ಲೇ ಇರಲಿ' ಅಂತ ಪುಸ್ತಕದಲ್ಲಿರುವ ನಿಯಮವನ್ನು ಅವರು ನಂಬಲಿಲ್ಲ. ಮಾತು ಆಚೆ ಹೋಗಿಯೇ ಹೋಗುತ್ತೆ, ಹೋದರೂ ಕೆಡುಕಾಗದ ಮಾತನ್ನು ಮಾತ್ರ ಚಾಪೆ ಮೇಲೆ ಆಡೋಣ ಅಂದರು. ಕೆಲಸದ ದೂರು ಸಂಘಕ್ಕೆ. ಗಂಡನ ಹೊಡೆತ, ಮಗಳ ವಿಷಯ ಒಬ್ಬೊಬ್ಬರೇ, ಅದೂ ಕಾಲೋನಿಯಲ್ಲಿ ಅಲ್ಲ, ಬಸ್ಸಿನ ದಾರಿಯಲ್ಲಿರುವ ಇನ್ನೊಂದು ಜಾಗದಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ ಆಗಿದ್ದು ಇದಕ್ಕೆ ಅನುಕೂಲ ಆಯಿತು. ಅಕ್ಕ ತಮ್ಮ ಕಡೆಯಿಂದ ಒಂದು ನಿಯಮ ಸೇರಿಸಿದರು: ತಮ್ಮ ಹತ್ತಿರದ ಸಂಬಂಧಿಕರನ್ನು ತಾವು ನೋಡುವುದಿಲ್ಲ. ಆ ದೊಡ್ಡಮ್ಮನ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿದ್ದು ಹೀಗೆ. ಸೊಸೆಯನ್ನು ಇನ್ನೊಬ್ಬ ಕೌನ್ಸೆಲರ್ ನೋಡುತ್ತಾರೆ, ಅಕ್ಕನಿಗೆ ಏನೂ ಗೊತ್ತಿರುವುದಿಲ್ಲ.

ನಮ್ಮ ಕೌನ್ಸೆಲರ್‌ಗಳ ಸಭೆಗಳಲ್ಲಿ "ಅದೇ ಸಮುದಾಯದವರು ಬಂದರೆ ಕೆಲಸ ಸಲೀಸು" ಅನ್ನುವ ಮಾತು ಕೇಳುತ್ತಿರುತ್ತೇನೆ. ಈ ಪ್ರಕರಣ ನೋಡಿದರೆ ಅರ್ಧ ಮಾತ್ರ ನಿಜ. ಪ್ಲಾಸ್ಟಿಕ್ ಲೋಟದ ಮಾತು ಬಂದಾಗ ಅಕ್ಕನಿಗೆ ವಿವರಿಸಿ ಹೇಳುವ ಅಗತ್ಯ ಇರಲಿಲ್ಲ, ಅದು ಹತ್ತಿರದ ಲಾಭ. ಮಾತು ಸೋರಿದ್ದೂ ಅದೇ ಹತ್ತಿರದಿಂದ. ಹೊರಗಿನವರಿಗೆ ನಂಬಿಕೆ ಗಳಿಸೋದು ಕಷ್ಟ, ಒಳಗಿನವರಿಗೆ ದೂರ ಕಾಯೋದು ಕಷ್ಟ. ಎರಡನೆಯದಕ್ಕೆ ನಮ್ಮ ತರಬೇತಿಯಲ್ಲಿ ಪಾಠವೇ ಇಲ್ಲ.

ಇನ್ನೊಂದು ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಯಾರು ಅಂತ ವ್ಯಾಖ್ಯಾನ ಇದೆ, ಕೌನ್ಸೆಲರ್ ಯಾರು ಅಂತ ಇಲ್ಲ. ಹಾಗಾಗಿ ಎಲ್ಲಿ ನಿಲ್ಲಬೇಕು ಅನ್ನೋದನ್ನು ಕೌನ್ಸೆಲರೇ ತೀರ್ಮಾನ ಮಾಡಬೇಕು. ಕಾಲೋನಿಯ ಒಬ್ಬ ಯುವಕ ತನ್ನಷ್ಟಕ್ಕೆ ಮಾತಾಡುತ್ತಾ ಊಟ ಬಿಟ್ಟಾಗ ಅಕ್ಕ ಚಾಪೆಗೆ ಕರೆಯಲಿಲ್ಲ. ಮನೆಯವರು ದರ್ಗಾಕ್ಕೆ ಹೊರಟಿದ್ದರು, ಹೋಗಿಬನ್ನಿ ಅಂದರು, ಬಂದ ಮೇಲೆ ತಾವೇ ಜೊತೆಗೆ ನಿಂತು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಈಗ ಮಾತ್ರೆ ನಡೆಯುತ್ತಿದೆ, ತಾಯತವೂ ಇದೆ. ರಾತ್ರಿ ಹೊತ್ತು ಯಾರಿಗಾದರೂ ಕಷ್ಟವಾದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಕೋಣೆಯ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದಾರೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಈಗ ಇರುವ ಸ್ಥಿತಿ

2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟಾಗ ಕಾಲೋನಿಯಲ್ಲಿ ಪಟಾಕಿ ಹೊಡೆದರು. ಅದೇ ವಾರ ಗುಂಪಿನಲ್ಲಿ ಇಬ್ಬರು ಅಕ್ಕತಂಗಿಯರು ಮಾತು ಬಿಟ್ಟರು, ಒಬ್ಬರ ಹೆಸರು ಪಟ್ಟಿಯಲ್ಲಿತ್ತು, ಇನ್ನೊಬ್ಬರದ್ದು ಇರಲಿಲ್ಲ. ಕಸದ ಆಟೋದ ಹೆಲ್ಪರ್‌ಗಳು ಗುತ್ತಿಗೆಯಲ್ಲೇ ಉಳಿದರು. ಒಂದೇ ಚಾಪೆ ಮೇಲೆ ಕಾಯಂ ಆದವರು, ಆಗದವರು ಕೂರೋದು ಈಗಿನ ಕಷ್ಟ. ಅಕ್ಕ ಗುಂಪನ್ನು ಎರಡು ಮಾಡಲಿಲ್ಲ. ನಾನು ಮಾಡಬಹುದಲ್ಲಾ ಅಂದಿದ್ದೆ, ಅವರು ಒಪ್ಪಲಿಲ್ಲ, ಮೇಸ್ತ್ರಿ ಮಾಡೋದೂ ಅದನ್ನೇ ಅಲ್ವಾ ಅಂದರು.

ದುಡ್ಡಿನ ಪ್ರಶ್ನೆ ಬಗೆಹರಿದಿಲ್ಲ. ಅಕ್ಕ ಸಂಜೆ ಹೊತ್ತು ಆನ್‌ಲೈನ್‌ನಲ್ಲಿ ಫೀಸು ಕೊಡುವವರನ್ನು ನೋಡುತ್ತಾರೆ, ಅದರಲ್ಲಿ ಕೋಣೆಯ ಖರ್ಚು, ಮನೆಗೆ ಒಂದು ಪಾಲು. ಗುಂಪಿನ ಇಬ್ಬರು ಹೆಂಗಸರು ಹೊಸಬರ ಜೊತೆ ಮೊದಲ ಮಾತಿಗೆ ಕೂರೋದನ್ನು ಕಲಿತಿದ್ದಾರೆ. ಇಂಥ ಕೆಲಸವನ್ನು ಸ್ವಲ್ಪ ತರಬೇತಿ ಪಡೆದ ಸಾಮಾನ್ಯ ಜನ ಚೆನ್ನಾಗಿ ಮಾಡಬಲ್ಲರು ಅಂತ ಜಿಂಬಾಬ್ವೆಯಲ್ಲಿ ಬೆಂಚ್ ಮೇಲೆ ಕೂತು ಕೇಳಿಸಿಕೊಳ್ಳುವ ಅಜ್ಜಿಯಂದಿರ ಕೆಲಸದಿಂದಲೂ ಗೋವಾದ ಪ್ರಯೋಗಗಳಿಂದಲೂ ಗೊತ್ತಾಗಿದೆ. ಆ ಇಬ್ಬರಿಗೂ ಅಕ್ಕ ಗೌರವಧನ ಕೊಡಲೇಬೇಕು ಅಂತಾರೆ, ಬಿಟ್ಟಿ ದುಡಿಮೆ ಕಾಲೋನಿಯಲ್ಲಿ ಬೇಕಾದಷ್ಟಿದೆ ಅಂತ. ಸಂಘದ ಕೆಲವರು ಸೇವೆ ಅಂದಮೇಲೆ ದುಡ್ಡು ಯಾಕೆ ಅಂತ ತಕರಾರು ತೆಗೆದಿದ್ದಾರೆ. ಮುಂದಿನ ಸಂಘದ ಸಭೆಯಲ್ಲಿ ಅದೇ ವಿಷಯ ಇದೆ.